ಬಿಚ್ಚದ ಕಟ್ಟು

ನಾನು ಮದುವೆಯಾಗಿ ಗೋಣಿಬೀಡಿನ ಈ ಮನೆಗೆ ಬಂದಾಗ ದೇವರ ಕೋಣೆಯ ಗೂಡಿನಲ್ಲಿ ಕೆಂಪು ಬಟ್ಟೆ ಸುತ್ತಿದ ಒಂದು ಗಂಟು ಇತ್ತು. ಒಂದು ಮೊಳ ಉದ್ದ, ಅಂಗೈ ಅಗಲ. ಮನೆಯವರು ಅದನ್ನು ‘ಭಾರತದ ಕಟ್ಟು’ ಎನ್ನುತ್ತಿದ್ದರು. ಮಾವನವರ ಅಜ್ಜನ ಕಾಲದಲ್ಲಿ ಮಳೆಗಾಲದ ರಾತ್ರಿಗಳಲ್ಲಿ ಅದನ್ನು ಬಿಚ್ಚಿ, ದೀಪ ಹಚ್ಚಿಟ್ಟು ಓದಿಸುತ್ತಿದ್ದರಂತೆ. ಓದುವವರು ತೀರಿಕೊಂಡರು, ಆ ಹಳೆಯ ಅಕ್ಷರ ಬಲ್ಲವರು ಯಾರೂ ಉಳಿಯಲಿಲ್ಲ. ಕಟ್ಟು ಮಾತ್ರ ಉಳಿಯಿತು. ಆಯುಧಪೂಜೆಯ ದಿನ ಕತ್ತಿ, ಗುದ್ದಲಿ, ಕಾಫಿ ಪಲ್ಪರುಗಳ ಜೊತೆ ಅದಕ್ಕೂ ಒಂದು ಚೆಂಡುಹೂವು ಸಿಗುತ್ತಿತ್ತು.

ಅತ್ತೆಗೆ ಮಾತ್ರ ಅದು ವರ್ಷಕ್ಕೊಮ್ಮೆಯ ದೇವರಲ್ಲ. ಪ್ರತಿ ಶುಕ್ರವಾರ ಬೆಳಿಗ್ಗೆ ಕಟ್ಟನ್ನು ಎರಡು ಕೈಯಲ್ಲಿ ಎತ್ತಿ ಮಣೆಯ ಮೇಲಿಟ್ಟು, ಗೂಡನ್ನು ಒರೆಸಿ, ಕಟ್ಟಿನ ಮೇಲಿನ ಧೂಳನ್ನು ಒಣಬಟ್ಟೆಯಲ್ಲಿ ತೆಗೆದು, ಕುಂಕುಮವಿಟ್ಟು ಮತ್ತೆ ಅಲ್ಲೇ ಇಡುತ್ತಿದ್ದರು. ಬಟ್ಟೆ ಹಳತಾದರೆ ಹೊಸ ಬಟ್ಟೆಯನ್ನು ಹಳೆಯದರ ಮೇಲೇ ಸುತ್ತುತ್ತಿದ್ದರು. ಒಳಗಿನದನ್ನು ಬಿಚ್ಚುತ್ತಿರಲಿಲ್ಲ.

ನಾನು ಬಿ.ಎ., ಬಿ.ಎಡ್. ಮಾಡಿದ ಸೊಸೆ. ಬಂದ ವರ್ಷವೇ ಒಂದು ಮಧ್ಯಾಹ್ನ ಆ ಗಂಟಿಗೆ ಕೈ ಹಾಕಿದೆ. ಅತ್ತೆ ಎಲ್ಲಿದ್ದರೋ, ಓಡಿ ಬಂದು ಕೈ ಹಿಡಿದರು.

“ಬಿಚ್ಬೇಡ ಮಗಾ.”

“ಓದೋದು ಬೇಡವಾ ಅತ್ತೆ? ಓದದೆ ಇಟ್ಟರೆ ಅದು ಪುಸ್ತಕ ಹೇಗಾಗುತ್ತೆ?”

“ನಿಂಗೆ ಓದಕ್ಕೆ ಸಾವಿರ ಪುಸ್ತಕ ಇದಾವೆ. ನಂಗಿರದು ಇದೊಂದೇ ಅಲ್ವಾ?” ಎಂದರು.

ಅತ್ತೆಗೆ ಓದಲು ಬರುತ್ತಿರಲಿಲ್ಲ. ಆ ಮಾತು ನನಗೆ ಆ ದಿನ ಅರ್ಥವಾಗಲಿಲ್ಲ. ಓದು ಬಾರದವರ ಮೂಢನಂಬಿಕೆ ಎಂದುಕೊಂಡು, ಪಾಠದ ಟಿಪ್ಪಣಿ ಬರೆಯಲು ಕೂತೆ.

*

2009ರ ಡಿಸೆಂಬರಿನಲ್ಲಿ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದೆವು. ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಅರ್ಧ ಮಕ್ಕಳಿಗೆ ವಾಂತಿ. ಉಜಿರೆಯಲ್ಲಿ ಮಜ್ಜಿಗೆ ಕುಡಿಸಿ, ವೇಣೂರಿನ ಗೊಮ್ಮಟನನ್ನು ನೋಡಿಸಿ, ಮೂಡಬಿದಿರೆಗೆ ಬರುವಾಗ ಮಧ್ಯಾಹ್ನವಾಗಿತ್ತು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯಲ್ಲಿ ಮಕ್ಕಳು ಕಂಬ ಎಣಿಸಲು ಹೊರಟು ಅರ್ಧದಲ್ಲೇ ಜಗಳವಾಡಿದರು. ಅಲ್ಲಿಂದ ಗುರುಬಸದಿಗೆ ಹೋದೆವು. ಅದಕ್ಕೆ ಸಿದ್ಧಾಂತ ಬಸದಿ ಎಂಬ ಹೆಸರೂ ಇದೆ. ಧವಲಾ, ಜಯಧವಲಾ, ಮಹಾಧವಲಾ ಎಂಬ ತಾಳೆಗರಿ ಗ್ರಂಥಗಳನ್ನು ಶತಮಾನಗಳ ಕಾಲ ಕಾಪಾಡಿದ ಜಾಗ ಅದು. ಅಷ್ಟೂ ಕಾಲ ಯಾತ್ರಿಕರು ಅವುಗಳ ದರ್ಶನ ಮಾಡಿ, ಕೈ ಮುಗಿದು, ಕಾಣಿಕೆ ಹಾಕಿ ಹೋಗುತ್ತಿದ್ದರು ಎಂದು ನಮಗೆ ಬಸದಿ ತೋರಿಸುತ್ತಿದ್ದವರು ಹೇಳಿದರು.

ಏಳನೆಯ ತರಗತಿಯ ಒಬ್ಬ ಹುಡುಗಿ ನನ್ನ ಸೆರಗು ಎಳೆದು ಕೇಳಿದಳು: “ಮಿಸ್, ಯಾರೂ ಓದ್ದೆ ಇದ್ರೆ ಅದು ಪುಸ್ತಕ ಹೇಗಾಗುತ್ತೆ?”

ನಾನು ಅತ್ತೆಗೆ ಕೇಳಿದ ಪ್ರಶ್ನೆಯೇ! ಉತ್ತರ ಹೇಳಲು ಆಗಲಿಲ್ಲ. “ಮನೆಗೆ ಹೋಗಿ ಯೋಚನೆ ಮಾಡೋಣ” ಎಂದೆ. ಉತ್ತರ ಗೊತ್ತಿಲ್ಲದಾಗ ನಾವು ಮೇಷ್ಟರುಗಳು ಹೇಳುವ ಮಾತದು. ಆದರೆ ಆ ಸಲ ನಿಜಕ್ಕೂ ಯೋಚಿಸಬೇಕಾಯಿತು. ಗ್ರಂಥಾಲಯದಿಂದ ಪುಸ್ತಕ ತಂದು ಓದಿದೆ. ಓದುತ್ತಾ ಹೋದಂತೆ ಅದು ಜೈನರ ಕತೆ ಮಾತ್ರ ಎನಿಸಲಿಲ್ಲ. ನಮ್ಮ ಮನೆಯ ಗೂಡಿನ ಕತೆ ಅನ್ನಿಸಿತು.

*

ದಿಗಂಬರ ಜೈನರ ಪರಂಪರೆ ಹೇಳುವುದು ಹೀಗೆ. ಬಹಳ ಹಿಂದೆ ಶಾಸ್ತ್ರವೆಲ್ಲ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಹೋಗುತ್ತಿತ್ತು. ಕಾಲ ಕಳೆದಂತೆ ನೆನಪು ಸವೆಯಿತು. ಗಿರಿನಾರ್ ಬೆಟ್ಟದ ಗುಹೆಯಲ್ಲಿದ್ದ ಧರಸೇನಾಚಾರ್ಯರಿಗೆ, ತಮ್ಮೊಂದಿಗೆ ಉಳಿದದ್ದೂ ಹೋಗಿಬಿಡುತ್ತದೆ ಎಂಬ ಚಿಂತೆಯಾಯಿತು. ದಕ್ಷಿಣದಿಂದ ಇಬ್ಬರು ಮುನಿಗಳನ್ನು ಕರೆಸಿಕೊಂಡರು. ಪಾಠಕ್ಕೆ ಮೊದಲು ಪರೀಕ್ಷೆ. ಇಬ್ಬರಿಗೂ ಒಂದೊಂದು ಮಂತ್ರ ಕೊಟ್ಟರು. ಒಂದರಲ್ಲಿ ಒಂದಕ್ಷರ ಹೆಚ್ಚು, ಇನ್ನೊಂದರಲ್ಲಿ ಒಂದಕ್ಷರ ಕಡಿಮೆ. ಜಪ ಮಾಡಿದಾಗ ದೇವತೆಗಳು ಬಂದರು. ಒಬ್ಬಳಿಗೆ ಹಲ್ಲು ಹೊರಚಾಚಿತ್ತು, ಇನ್ನೊಬ್ಬಳು ಒಕ್ಕಣ್ಣಿ. ದೇವತೆಗಳು ಹೀಗಿರುವುದಿಲ್ಲವಲ್ಲ ಎಂದು ಇಬ್ಬರೂ ಯೋಚಿಸಿ, ಮಂತ್ರವನ್ನು ತಿದ್ದಿಕೊಂಡು ಮತ್ತೆ ಜಪಿಸಿದರು. ದೇವತೆಗಳು ಸರಿಯಾದ ರೂಪದಲ್ಲಿ ಬಂದರು. ತಪ್ಪನ್ನು ತಾವೇ ಕಂಡುಕೊಂಡ ಆ ಇಬ್ಬರಿಗೆ ಗುರು ಪಾಠ ಹೇಳಿದರು. ಅವರೇ ಪುಷ್ಪದಂತ ಮತ್ತು ಭೂತಬಲಿ.

ಅಲ್ಪಪ್ರಾಣ ಮಹಾಪ್ರಾಣ ತಿದ್ದುತ್ತಲೇ ಕೂದಲು ಬೆಳ್ಳಗಾದ ನನಗೆ ಈ ಕತೆ ಬಹಳ ಹಿಡಿಸಿತು. ತರಗತಿಯಲ್ಲಿ ಹೇಳಿದೆ. ಆಮೇಲೆ ಮಕ್ಕಳು ಕಾಪಿ ಪುಸ್ತಕ ಕೊಡುವಾಗ “ಮಿಸ್, ಇದರಲ್ಲಿ ಒಕ್ಕಣ್ಣಿ ಇಲ್ಲ” ಎನ್ನುವುದು ವಾಡಿಕೆಯಾಯಿತು.

ಪಾಠ ಮುಗಿಸಿದ ಪುಷ್ಪದಂತರು ನಮ್ಮ ಬನವಾಸಿ ಸೀಮೆಗೆ ಬಂದು ಬರವಣಿಗೆ ಆರಂಭಿಸಿದರು ಎಂದೂ, ಭೂತಬಲಿಗಳು ಅದನ್ನು ಮುಂದುವರಿಸಿ ಪೂರ್ಣ ಮಾಡಿದರು ಎಂದೂ ಹೇಳುತ್ತಾರೆ. ಅದೇ ಪ್ರಾಕೃತ ಭಾಷೆಯ ಷಟ್ಖಂಡಾಗಮ. ಗ್ರಂಥ ಮುಗಿದ ಜ್ಯೇಷ್ಠ ಶುದ್ಧ ಪಂಚಮಿಯನ್ನು ಜೈನರು ಇಂದಿಗೂ ಶ್ರುತಪಂಚಮಿ ಎಂದು ಆಚರಿಸುತ್ತಾರೆ. ಅಂದು ಗ್ರಂಥಗಳಿಗೆ ಪೂಜೆ. ಮುಂದೆ ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು ಇದಕ್ಕೆ ಧವಲಾ ಎಂಬ ದೊಡ್ಡ ವ್ಯಾಖ್ಯಾನ ಬರೆದರು. ಗುಣಧರಾಚಾರ್ಯರ ಕಷಾಯಪಾಹುಡ ಎಂಬ ಇನ್ನೊಂದು ಗ್ರಂಥಕ್ಕೆ ಅವರು ಆರಂಭಿಸಿದ ಜಯಧವಲಾ ವ್ಯಾಖ್ಯಾನವನ್ನು ಶಿಷ್ಯ ಜಿನಸೇನರು 837ರಲ್ಲಿ ಮುಗಿಸಿದರು.

ಮೂಡಬಿದಿರೆಯ ಗರಿಗಳು ಬರೆದದ್ದು ಅದಕ್ಕೂ ಸುಮಾರು ಮುನ್ನೂರು ವರ್ಷಗಳ ನಂತರ, ಹೊಯ್ಸಳರ ಕಾಲದಲ್ಲಿ. ಭಾಷೆ ಪ್ರಾಕೃತ, ಸಂಸ್ಕೃತ. ಲಿಪಿ ಮಾತ್ರ ನಮ್ಮ ಹಳಗನ್ನಡದ್ದು. ಹೊಯ್ಸಳರ ಮೂಲ ಊರು ನಮ್ಮ ಮೂಡಿಗೆರೆ ತಾಲ್ಲೂಕಿನ ಅಂಗಡಿ, ಅಂದರೆ ಅಂದಿನ ಸೊಸೆವೂರು. ಅಲ್ಲಿನ ಹಳೆಯ ಬಸದಿಗಳನ್ನು ನಾನು ನೋಡಿದ್ದೇನೆ. ಆ ಕಾಲದಲ್ಲಿ ಈ ಗರಿಗಳನ್ನು ಬರೆಸಿದವರು ಯಾರು ಗೊತ್ತೇ? ಹೆಂಗಸರು. ದೇಮಿಯಕ್ಕ ಎಂಬಾಕೆ ತಾನು ಹಿಡಿದ ಶ್ರುತಪಂಚಮಿ ವ್ರತದ ಉದ್ಯಾಪನೆಗೆ ಧವಲಾದ ಪ್ರತಿ ಬರೆಸಿ, ಬನ್ನಿಕೆರೆಯ ಶುಭಚಂದ್ರ ಸಿದ್ಧಾಂತದೇವರಿಗೆ ದಾನ ಕೊಟ್ಟಳು. ಮಲ್ಲಿಕಬ್ಬೆ ಎಂಬಾಕೆ ಹಾಗೆಯೇ ಮಹಾಬಂಧದ ಪ್ರತಿ ಬರೆಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ಆ ಮಹಾಬಂಧವನ್ನೇ ಜನ ಮಹಾಧವಲಾ ಎನ್ನುವುದು. ವ್ರತದ ಉದ್ಯಾಪನೆ ಎಂದರೆ ನಮಗೆಲ್ಲ ಗೊತ್ತು. ಬಾಗಿನಕ್ಕೆ ಮೊರ, ಬಳೆ, ಕುಪ್ಪಸದ ಕಣ ಹೊಂದಿಸಿ ಕೊಡುತ್ತೇವೆ. ಆಕೆ ಬಾಗಿನದ ಜಾಗದಲ್ಲಿ ಒಂದು ಮಹಾಗ್ರಂಥವನ್ನು ಕೊಟ್ಟಳು! ಗರಿಯ ಮೇಲೆ ಅವರ ಹೆಸರು ಇಲ್ಲದಿದ್ದರೆ ದೇಮಿಯಕ್ಕ, ಮಲ್ಲಿಕಬ್ಬೆಯರ ಈ ಕೊಡುಗೆ ಇಂದು ನಮಗೆ ತಿಳಿಯುತ್ತಲೇ ಇರಲಿಲ್ಲ.

ಅವರು ಕೊಟ್ಟದ್ದು ಓದಲೆಂದು. ಆದರೆ ಮುಂದೆ ಆದದ್ದು ಬೇರೆ. ಬೇರೆ ಕಡೆಯ ಹಳೆಯ ಪ್ರತಿಗಳು ಒಂದೊಂದಾಗಿ ಇಲ್ಲವಾದವು. ಮೂಡಬಿದಿರೆಯವು ಮಾತ್ರ ಉಳಿದು, ಒಂದೇ ಆದ್ದರಿಂದ ಅಪೂರ್ವವಾಗಿ, ಅಪೂರ್ವವಾದ್ದರಿಂದ ಪೂಜ್ಯವಾಗಿ, ಪೂಜ್ಯವಾದ್ದರಿಂದ ಮುಟ್ಟಬಾರದ ವಸ್ತುವಾದವು.

*

1880ರ ದಶಕದಲ್ಲಿ ಮುಂಬಯಿಯ ಮಾಣಿಕಚಂದರು, ಸೊಲ್ಲಾಪುರದ ಹೀರಾಚಂದ ನೇಮಚಂದರು ಯಾತ್ರೆಗೆ ಬಂದು ಈ ಗರಿಗಳನ್ನು ನೋಡಿದರು. ಹೀಗೇ ಇದ್ದರೆ ಹಾಳಾಗುತ್ತವೆ, ಪ್ರತಿ ಮಾಡಿಸಬೇಕು ಎಂದು ಪ್ರಯತ್ನಪಟ್ಟರು. 1896ರಲ್ಲಿ ಕೆಲಸ ಶುರುವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು, ಮಿರಜಿನ ಗಜಪತಿ ಉಪಾಧ್ಯಾಯರು ಬರೆಯಲು ಕೂತರು. ಹಳಗನ್ನಡ ಲಿಪಿಯಿಂದ ದೇವನಾಗರಿಗೆ ಬರೆಯುವುದು. ಬ್ರಹ್ಮಸೂರಿ ಶಾಸ್ತ್ರಿಗಳು ನಡುವೆಯೇ ತೀರಿಕೊಂಡರು. ಗಜಪತಿಗಳು ಮುಂದುವರಿಸಿದರು. ಬೇರೆಯವರು ಈಗಿನ ಕನ್ನಡ ಲಿಪಿಯಲ್ಲೂ ಪ್ರತಿ ಮಾಡಿದರು. ಮೂರೂ ಗ್ರಂಥಗಳ ಪ್ರತಿ ಮುಗಿಯುವಾಗ 1922. ಒಟ್ಟು 26 ವರ್ಷ.

ಧವಲಾ ಒಂದೇ 72 ಸಾವಿರ ಶ್ಲೋಕಗಳಷ್ಟು ದೊಡ್ಡದು. ಶ್ಲೋಕಕ್ಕೆ 32 ಅಕ್ಷರದ ಲೆಕ್ಕದಲ್ಲಿ 23 ಲಕ್ಷಕ್ಕೂ ಹೆಚ್ಚು ಅಕ್ಷರಗಳಾಗುತ್ತವೆ. ಜಯಧವಲಾ 60 ಸಾವಿರ ಶ್ಲೋಕಗಳಷ್ಟು. ಪರೀಕ್ಷೆಯ ಕಾಲದಲ್ಲಿ ಇನ್ನೂರು ಉತ್ತರಪತ್ರಿಕೆ ತಿದ್ದಿ ಬೆರಳು ನೋಯುತ್ತದೆ ಎನ್ನುವ ನನಗೆ ಈ ಲೆಕ್ಕ ಹಾಕಿದಾಗ ನಾಚಿಕೆಯಾಯಿತು.

ಪ್ರತಿಯಾಯಿತು, ಆದರೆ ಊರು ಬಿಟ್ಟು ಹೋಗುವಂತಿರಲಿಲ್ಲ. ಹೊಸ ಪ್ರತಿಗಳೂ ಮೂಡಬಿದಿರೆಯಲ್ಲೇ ಇರಬೇಕು ಎಂಬುದು ಅಲ್ಲಿಯವರ ನಿಲುವು. ಹಳೆಯ ಕಟ್ಟಿನ ಪಕ್ಕದಲ್ಲಿ ಹೊಸ ಕಟ್ಟು, ಅಷ್ಟೇ. ಆಗ ಗಜಪತಿಗಳು ಒಂದು ಕೆಲಸ ಮಾಡಿದರು. ಗುಟ್ಟಾಗಿ, ತಮ್ಮ ಹೆಂಡತಿ ಲಕ್ಷ್ಮೀಬಾಯಿಯ ಸಹಾಯದಿಂದ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿಕೊಂಡರು. ಲಕ್ಷ್ಮೀಬಾಯಿ ವಿದ್ಯಾವಂತೆ. ಆ ಪ್ರತಿಯನ್ನು ಹೊತ್ತು ಗಜಪತಿಗಳು ಹೊರಟರು. ಪ್ರತಿ ಮಾಡಿಸಲು ಓಡಾಡಿದ್ದ ಹೀರಾಚಂದರೇ ಅದನ್ನು ಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಉತ್ತರದ ಸಹಾರನಪುರದ ಲಾಲಾ ಜಂಬೂಪ್ರಸಾದರು ಹಣ ಕೊಟ್ಟು ಪಡೆದು ತಮ್ಮ ಮಂದಿರದಲ್ಲಿಟ್ಟರು. ಅಲ್ಲಿ ಅದನ್ನು ನಾಗರಿಗೆ ಇಳಿಸಲು ಬಂದ ಪಂಡಿತರೊಬ್ಬರು ತಾವೂ ಗುಟ್ಟಾಗಿ ಒಂದು ಪ್ರತಿ ಮಾಡಿಕೊಂಡರು! ಅದರಿಂದ ಊರೂರಿಗೆ ಪ್ರತಿಗಳು ಹೋದವು. ಅಮರಾವತಿಯಲ್ಲಿ ಪ್ರಾಧ್ಯಾಪಕರಾಗಿದ್ದ ಹೀರಾಲಾಲ ಜೈನರು ಅಂಥ ಪ್ರತಿಗಳನ್ನು ಸೇರಿಸಿ, ಹಿಂದಿ ಅನುವಾದದೊಡನೆ 1939ರಲ್ಲಿ ಮೊದಲ ಸಂಪುಟ ಅಚ್ಚು ಹಾಕಿಸಿದರು. ಮುಂದಿನ ಸುಮಾರು ಎರಡು ದಶಕಗಳಲ್ಲಿ ಒಟ್ಟು 16 ಸಂಪುಟಗಳಾದವು.

ಇದನ್ನು ಓದಿದ ದಿನ ರಾತ್ರಿ ಒಲೆಯ ಮುಂದೆ ಕೂತು ಅತ್ತೆಗೆ ಹೇಳಿದೆ. ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಕೊರೆಯುತ್ತಿತ್ತು. ಲಕ್ಷ್ಮೀಬಾಯಿ ಮಾಡಿದ್ದು ಕಳ್ಳತನವೋ, ದಾನವೋ? ನಂಬಿ ಕೂರಿಸಿದ ಮನೆಗೆ ದ್ರೋಹವಾಯಿತಲ್ಲ. ಹಣವನ್ನೂ ಪಡೆದರಲ್ಲ. ಆದರೆ ಆಕೆ ಬರೆಯದಿದ್ದರೆ ಆ ಗ್ರಂಥ ಎಷ್ಟು ಕಾಲ ಬಾಗಿಲ ಹಿಂದೆಯೇ ಉಳಿಯುತ್ತಿತ್ತೋ.

ಅತ್ತೆ ಕೆಂಡ ಮುಂದೂಡುತ್ತಾ ಕೇಳಿಸಿಕೊಂಡರು. “ದೀಪದಿಂದ ದೀಪ ಹಚ್ಕಂಡ್ರೆ ಮೊದ್ಲಿನ ದೀಪಕ್ಕೇನು ಕಮ್ಮಿ ಆಗಲ್ಲ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಆದ್ರೆ ಕೇಳ್ದೆ ಹಚ್ಕಂಡ್ಲಲ್ಲ, ಅದು ತಪ್ಪು. ಕೇಳಿದ್ರೆ ಕೊಡ್ತಿರ್ಲಿಲ್ವಲ್ಲ, ಅದು ಅವರ ತಪ್ಪು” ಎಂದರು. ಆಮೇಲೆ ಅವರೇ, ನಾನು ಎಣಿಸದ ಮಾತೊಂದನ್ನು ಹೇಳಿದರು. “ಹಂಗಾದ್ರೆ ನಮ್ ಕಟ್ನಲ್ಲೂ ಏನಿದೆ ಅಂತ ಒಂದಿನ ನೋಡಣ. ನೀನೇ ಓದಿ ಹೇಳು.”

“ರಜೆ ಬರಲಿ ಅತ್ತೆ” ಎಂದೆ.

*

ಈ ನಡುವೆ ಇನ್ನೊಬ್ಬ ಹೆಂಗಸಿನ ಕತೆ ನನಗೆ ಬಹಳ ದೂರದಿಂದ ಬಂತು. ನನ್ನ ತಮ್ಮನ ಮಗಳು ಅಮೆರಿಕದ ಯೂಟಾ ರಾಜ್ಯದಲ್ಲಿದ್ದಾಳೆ. ಅಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದವರು ಬಹಳ. ಅವಳು ರಜೆಗೆ ಬಂದಾಗ ಅವರ ಗ್ರಂಥದ ಕತೆ ಹೇಳಿದಳು. ಆಮೇಲೆ ನಾನೂ ಓದಿ ತಿಳಿದುಕೊಂಡೆ.

ನ್ಯೂಯಾರ್ಕ್ ರಾಜ್ಯದ ಹಳ್ಳಿಯೊಂದರ ರೈತಾಪಿ ಯುವಕ ಜೋಸೆಫ್ ಸ್ಮಿತ್. ದೇವದೂತನೊಬ್ಬ ತೋರಿಸಿದ ಗುಡ್ಡದಿಂದ 1827ರಲ್ಲಿ ತನಗೆ ಚಿನ್ನದ ತಗಡುಗಳ ಗ್ರಂಥ ಸಿಕ್ಕಿತು, ಅದರ ಲಿಪಿ ಪುರಾತನ ಈಜಿಪ್ಟಿನ ಬಗೆಯದು ಎಂದು ಅವನು ಹೇಳಿದ. ಅದನ್ನು ಇಂಗ್ಲಿಷಿಗೆ ತಿರುಗಿಸಲು ತಗಡುಗಳ ಜೊತೆಗೇ ಕನ್ನಡಕದಂತೆ ಜೋಡಿಸಿದ ಎರಡು ಕಲ್ಲುಗಳು ಸಿಕ್ಕವಂತೆ. ಅವನಲ್ಲಿ ಮೊದಲೇ ಇದ್ದ, ಬಾವಿ ತೋಡುವಾಗ ಸಿಕ್ಕಿದ ಕೋಳಿಮೊಟ್ಟೆಯಾಕಾರದ ಕಂದುಬಣ್ಣದ ಕಲ್ಲನ್ನೂ ಅವನು ಬಳಸಿದ. ಕಲ್ಲನ್ನು ಟೋಪಿಯೊಳಗೆ ಹಾಕಿ, ಬೆಳಕು ಬಾರದಂತೆ ಮುಖವನ್ನು ಟೋಪಿಯಲ್ಲಿ ಹುದುಗಿಸಿ, ಕಂಡ ಮಾತುಗಳನ್ನು ಹೇಳುತ್ತಿದ್ದ. ಎದುರಿಗೆ ಕೂತವರು ಬರೆದುಕೊಳ್ಳುತ್ತಿದ್ದರು. 1830ರಲ್ಲಿ ಪುಸ್ತಕದ 5000 ಪ್ರತಿಗಳು ಅಚ್ಚಾದವು. ತಗಡುಗಳನ್ನು ದೇವದೂತನೇ ಮರಳಿ ಒಯ್ದ ಎನ್ನುತ್ತಾರೆ. ಆ ಕಂದು ಕಲ್ಲು ಇಂದಿಗೂ ಅವರ ಚರ್ಚಿನಲ್ಲಿದೆ. ಅದರ ಚಿತ್ರವನ್ನು ಚರ್ಚು 2015ರಲ್ಲಿ ಪ್ರಕಟಿಸಿತು. ನಂಬುವವರು ನಂಬುತ್ತಾರೆ, ಒಪ್ಪದ ಚರಿತ್ರಕಾರರು ಒಪ್ಪುವುದಿಲ್ಲ. ಅದನ್ನು ತೀರ್ಮಾನಿಸಲು ನಾನು ಯಾರು?

ನನ್ನ ಮನಸ್ಸಿನಲ್ಲಿ ನಿಂತದ್ದು ಅವನ ಹೆಂಡತಿ ಎಮ್ಮಾ. ಮೊದಮೊದಲು ಬರೆದುಕೊಂಡವರಲ್ಲಿ ಅವಳೂ ಒಬ್ಬಳು. 1879ರಲ್ಲಿ, ತಾನು ಸಾಯುವ ವರ್ಷ, ಮುದುಕಿಯಾಗಿದ್ದ ಎಮ್ಮಾ ತನ್ನ ಮಗನಿಗೆ ಹೇಳಿದ್ದಾಳೆ: ತಗಡುಗಳು ಮೇಜಿನ ಮೇಲೆ, ಅವಳೇ ಕೊಟ್ಟ ಮೇಜುಬಟ್ಟೆಯಲ್ಲಿ ಸುತ್ತಿಟ್ಟಂತೆ ಇರುತ್ತಿದ್ದವು. ಅವಳು ಬಿಚ್ಚಿ ನೋಡಲಿಲ್ಲ. ಬಟ್ಟೆಯ ಮೇಲಿಂದಲೇ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದ್ದಳು. ದಪ್ಪ ಕಾಗದದಂತೆ ಬಾಗುತ್ತಿತ್ತು, ಲೋಹದ ಸದ್ದು ಬರುತ್ತಿತ್ತು. ಮನೆಗೆಲಸ ಮಾಡುವಾಗ ಅತ್ತಿತ್ತ ಸರಿಸಿ ಇಡುತ್ತಿದ್ದಳು.

ಇದನ್ನು ಓದಿದಾಗ ಶುಕ್ರವಾರ ಬೆಳಗಿನ ಅತ್ತೆ ಕಣ್ಣ ಮುಂದೆ ಬಂದರು. ಅದೇ ಬಟ್ಟೆ, ಅದೇ ಧೂಳು ಒರೆಸುವ ಕೈ, ಅದೇ ಬಿಚ್ಚದ ಮರ್ಯಾದೆ. ಆಗ ಅವರ ಹಳೆಯ ಮಾತು ಅರ್ಥವಾಯಿತು. ಓದು ಕಲಿತವರಿಗೆ ಪುಸ್ತಕದ ಒಳಗೆ ಹೋಗಲು ಅಕ್ಷರವಿದೆ. ಅಕ್ಷರ ಕಲಿಸದೆ ಹೊರಗಿಟ್ಟವರಿಗೆ ಉಳಿದದ್ದು ಪುಸ್ತಕದ ಮೈ ಮಾತ್ರ. ಅದನ್ನು ಮುಟ್ಟುವುದು, ಒರೆಸುವುದು, ಅದಕ್ಕೆ ಹೂವಿಡುವುದು, ಇದೇ ಅವರ ಓದು. ಅದನ್ನು ಮೂಢನಂಬಿಕೆ ಎನ್ನುವ ಮೊದಲು, ಅವರಿಗೆ ಅಕ್ಷರ ಯಾಕೆ ಸಿಗಲಿಲ್ಲ ಎಂದು ನಾನು ಕೇಳಿಕೊಳ್ಳಬೇಕಿತ್ತು.

*

ಹಾಗಾದರೆ ಅಚ್ಚಾದ ಮೇಲೆ ಹಳೆಯ ಗರಿ ಯಾಕೆ ಬೇಕು? ಮಾತು ಹೊರಗೆ ಬಂತಲ್ಲ, ಇನ್ನು ಆ ವಸ್ತುವಿನ ಪಾವಿತ್ರ್ಯಕ್ಕೆ ಏನರ್ಥ? ಇದಕ್ಕೆ ಉತ್ತರ ಒಂದು ಪದದಲ್ಲಿದೆ. ಆ ಪದ ನಮ್ಮ ಬಗ್ಗೆ, ಹೆಂಗಸರ ಬಗ್ಗೆ.

ಷಟ್ಖಂಡಾಗಮದ ಮೊದಲ ಭಾಗದ 93ನೆಯ ಸೂತ್ರ ಸ್ತ್ರೀಯರು ಆತ್ಮದ ಯಾವ ಯಾವ ಮೆಟ್ಟಿಲುಗಳಲ್ಲಿ ಇರುತ್ತಾರೆ ಎಂದು ಹೇಳುವ ಸೂತ್ರ. ಪ್ರತಿಯ ಪ್ರತಿ ಮಾಡುತ್ತಾ ಬಂದ ಹಾಳೆಗಳಲ್ಲಿ ಅಲ್ಲಿ ‘ಸಂಜದ’ ಎಂಬ ಪದ ಬಿಟ್ಟುಹೋಗಿತ್ತು. ಪ್ರಾಕೃತದ ಸಂಜದ ಎಂದರೆ ಸಂಯತ, ಪೂರ್ಣ ಸಂಯಮದ ಮಹಾವ್ರತಿ. ಆ ಮೆಟ್ಟಿಲು ಏರಿದವರಿಗೇ ಮುಂದಿನ ಮೋಕ್ಷದ ದಾರಿ. ಪದ ಇಲ್ಲದಿದ್ದರೆ ಸ್ತ್ರೀಯರ ಮೆಟ್ಟಿಲು ಅದಕ್ಕೆ ಮೊದಲೇ ನಿಂತುಹೋಗುತ್ತದೆ. ಇದ್ದರೆ ಮುಂದುವರಿಯುತ್ತದೆ. ಮೊದಲ ಸಂಪುಟ ಸಿದ್ಧಪಡಿಸುವಾಗ ಸಂಪಾದಕರು, ವ್ಯಾಖ್ಯಾನದ ಅರ್ಥ ಕೂಡಬೇಕಾದರೆ ಇಲ್ಲಿ ಈ ಪದ ಇರಲೇಬೇಕು ಎಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ದೊಡ್ಡ ಗಲಾಟೆಯಾಯಿತು. ಸ್ತ್ರೀದೇಹಕ್ಕೆ ನೇರ ಮೋಕ್ಷವಿಲ್ಲ ಎಂಬುದು ದಿಗಂಬರ ಪಂಥದ ಮತ. ಆ ಪದ ಬಂದರೆ ಮತದ ಬುಡವೇ ಅಲುಗುತ್ತದೆ ಎಂದು ಹಲವು ಪಂಡಿತರು ಹೆದರಿದರು.

ಅಷ್ಟರಲ್ಲಿ ಮೂಡಬಿದಿರೆಯವರ ಮನಸ್ಸೂ ಬದಲಾಗಿತ್ತು. ಅವರು ಸಹಕರಿಸಿ, ಅಚ್ಚಾದ ಪಾಠವನ್ನು ಮೂಲ ಗರಿಗಳೊಡನೆ ತಾಳೆ ನೋಡಲು ಅವಕಾಶವಾಯಿತು. ಗರಿಯಲ್ಲಿ ಆ ಪದ ಇತ್ತು. ದೇಮಿಯಕ್ಕನಂಥವರು ಬರೆಸಿ ಕೊಟ್ಟ, ಯಾರೂ ಓದದೆ ಪೂಜಿಸುತ್ತಾ ಬಂದ, ಆ ಗರಿಯ ಮೇಲೆ ‘ಸಂಜದ’ ಎಂದೇ ಇತ್ತು.

ವಾದ ಅಲ್ಲಿಗೇ ಮುಗಿಯಲಿಲ್ಲ. ಶಾಂತಿಸಾಗರ ಆಚಾರ್ಯರ ಪ್ರೇರಣೆಯಿಂದ ಗ್ರಂಥವನ್ನು ತಾಮ್ರದ ತಗಡುಗಳಲ್ಲಿ ಕೆತ್ತಿಸುವಾಗಲೂ ಈ ಪದ ಇರಬೇಕೋ ಬೇಡವೋ ಎಂದು ಚರ್ಚೆಯಾಯಿತು. ಇಲ್ಲಿ ಸ್ತ್ರೀ ಎಂದರೆ ದೇಹದ ಸ್ತ್ರೀ ಅಲ್ಲ, ಭಾವದ ಸ್ತ್ರೀ ಎಂಬುದು ಪಂಥದ ವಿದ್ವಾಂಸರ ಸಮಾಧಾನ. ಮೂಡಬಿದಿರೆಯ ಹತ್ತಿರದ ನೆಲ್ಲಿಕಾರಿನಲ್ಲಿ ಹುಟ್ಟಿ, ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಪದ್ಮನಾಭ ಜೈನಿಯವರು ಸ್ತ್ರೀಮೋಕ್ಷದ ಹಳೆಯ ವಾದಗಳ ಮೇಲೆ 1991ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಯಾವ ಅರ್ಥ ಸರಿ ಎಂದು ಹೇಳುವಷ್ಟು ನಾನು ಓದಿಲ್ಲ. ಆದರೆ ಅರ್ಥದ ಜಗಳ ಬೇರೆ, ಪದವನ್ನೇ ಕಳೆದುಕೊಳ್ಳುವುದು ಬೇರೆ. ಪದ ಇದ್ದರೆ ನಾಳೆ ಇನ್ನೊಬ್ಬರು ಬಂದು ಬೇರೆ ಅರ್ಥ ಕೇಳಬಹುದು. ಪದ ಹೋದರೆ ಶಾಸ್ತ್ರ ಒಕ್ಕಣ್ಣಿಯಾಗುತ್ತದೆ.

ಅಲ್ಲಿ ನನಗೆ ಆ ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಪವಿತ್ರ ವಸ್ತು ಒಂದು ಸಾಕ್ಷಿ. ಪೂಜಿಸಿದವರು ಅದನ್ನು ಉಳಿಸದಿದ್ದರೆ ಲಕ್ಷ್ಮೀಬಾಯಿಗೆ ಬರೆದುಕೊಳ್ಳಲು ಏನೂ ಇರುತ್ತಿರಲಿಲ್ಲ. ಲಕ್ಷ್ಮೀಬಾಯಿಯಂಥವರು ಬರೆಯದಿದ್ದರೆ ಸಾಕ್ಷಿಯನ್ನು ಕೇಳಲು ಯಾರೂ ಬರುತ್ತಿರಲಿಲ್ಲ. ಮಾರ್ಮನ್ನರ ತಗಡು ಯಾರ ಕಣ್ಣಿಗೂ ಇಂದು ಸಿಗದು, ಹಾಗಾಗಿ ಅಲ್ಲಿ ನಂಬಿಕೆಯೊಂದೇ ಆಧಾರ. ನಮ್ಮಲ್ಲಿ ಗರಿ ಇದೆ, ಹೋಗಿ ಕೇಳಬಹುದು. ಒಂದು ಕೈ ಪೂಜೆಯದು, ಒಂದು ಕೈ ಓದಿನದು. ಎರಡು ಕೈ ಸೇರಿದರೆ ಮಾತ್ರ ಗ್ರಂಥ ಬದುಕುತ್ತದೆ.

*

ಇನ್ನು ನನ್ನ ಕೈಯ ವಿಷಯ ಹೇಳಬೇಕು. ಅದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆದೆ.

“ರಜೆ ಬರಲಿ ಅತ್ತೆ” ಎಂದಿದ್ದೆನಲ್ಲ, ರಜೆ ಬಂತು. ಮೌಲ್ಯಮಾಪನಕ್ಕೆ ಹೋದೆ. ಮುಂದಿನ ರಜೆಯಲ್ಲಿ ಜನಗಣತಿಯ ಕೆಲಸ ಬಂತು. ಆಮೇಲೆ ಮಗಳ ಪರೀಕ್ಷೆ. ಅತ್ತೆ ಮತ್ತೆ ಕೇಳಲಿಲ್ಲ. ಅವರ ಮಂಡಿ ನೋವು ಹೆಚ್ಚಾಗಿ, ಗೂಡಿಗೆ ಕೈ ಎತ್ತಲಾರದಾದರು. ಶುಕ್ರವಾರಗಳಲ್ಲಿ ಬಾಗಿಲಲ್ಲೇ ಕೂತು ಕಟ್ಟಿನ ಕಡೆ ನೋಡಿ ಕೈ ಮುಗಿಯುತ್ತಿದ್ದರು. ಅದನ್ನು ಇಳಿಸಿ ಒರೆಸಬೇಕು ಎಂದು ನನಗೆ ಹೊಳೆಯಲಿಲ್ಲ. ನಾನು ದೂರದಿಂದಲೇ ಊದುಬತ್ತಿ ಹಚ್ಚಿ ಶಾಲೆಗೆ ಓಡುತ್ತಿದ್ದೆ. 2013ರ ಆಷಾಢದಲ್ಲಿ ಅವರು ತೀರಿಕೊಂಡರು.

ಮೂರು ಮಳೆಗಾಲ ಕಳೆದ ಮೇಲೆ ದೇವರ ಕೋಣೆಗೆ ಸುಣ್ಣ ಹೊಡೆಸುವಾಗ ಆಳು ಕೂಗಿದ. ಗೂಡಿನ ಹಿಂಬದಿಯ ಮರದ ಹಲಗೆಯಲ್ಲಿ ಗೆದ್ದಲಿನ ಮಣ್ಣುಗೆರೆ. ಕಟ್ಟನ್ನು ಎತ್ತಿದೆ. ಹೂವಿನಷ್ಟು ಹಗುರಾಗಿತ್ತು. ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿದೆ, ಅತ್ತೆ ಸುತ್ತಿದ್ದು, ಅವರ ಅತ್ತೆ ಸುತ್ತಿದ್ದು, ಅದರ ಒಳಗೆ ಇನ್ನೂ ಒಂದು. ಮೇಲಿನ ಹಲಗೆ ಸರಿಯಾಗಿತ್ತು, ಮೇಲಿನ ಕೆಲವು ಗರಿಗಳೂ ಇದ್ದವು. ಕೆಳಗೆಲ್ಲ ಮಣ್ಣು.

ಮೊದಲ ಬಾರಿಗೆ ನಾನು ಆ ಕಟ್ಟನ್ನು ಬಿಚ್ಚಿದ್ದು ಹೀಗೆ. ಓದುವುದಕ್ಕೆ ಅಲ್ಲ, ಗುಡಿಸುವುದಕ್ಕೆ.

ಉಳಿದ ಗರಿಗಳನ್ನು ಹಳೆಯ ಲಿಪಿ ಬಲ್ಲವರೊಬ್ಬರಿಗೆ ತೋರಿಸಿದೆ. ‘ಭಾರತದ ಕಟ್ಟು’ ಎಂದರೆ ನಾವು ಕುಮಾರವ್ಯಾಸನೆಂದುಕೊಂಡಿದ್ದೆವು. ಅದು ಜೈಮಿನಿ ಭಾರತವಂತೆ, ನಮ್ಮದೇ ಜಿಲ್ಲೆಯ ಕಡೂರು ತಾಲ್ಲೂಕಿನ ದೇವನೂರಿನವನು ಎನ್ನುವ ಲಕ್ಷ್ಮೀಶನದು. “ಬೇಜಾರು ಮಾಡ್ಕೋಬೇಡಿ ಮೇಡಂ, ಅಚ್ಚಾದ ಪುಸ್ತಕ ಅಂಗಡೀಲಿ ಸಿಗುತ್ತೆ” ಎಂದರು ಅವರು. ನಿಜ, ಸಿಗುತ್ತದೆ. ಚಂದ್ರಹಾಸನ ಕತೆ ಅದರಲ್ಲಿದೆ. ವಿಷ ಕೊಡು ಎಂದು ಬರೆದ ಓಲೆಯಲ್ಲಿ ವಿಷಯೆ ಎಂಬ ಹುಡುಗಿ ಒಂದಕ್ಷರ ತಿದ್ದಿ ಸಾವನ್ನೇ ಮದುವೆಯಾಗಿ ಮಾಡಿದಳಲ್ಲ, ಅದು. ಆದರೆ ನಮ್ಮ ಕಟ್ಟಿನ ಕೊನೆಯ ಗರಿ ಯಾವ ಅಂಗಡಿಯಲ್ಲಿ ಸಿಗುತ್ತದೆ? ಬರೆದವರು ಯಾರು, ಬರೆಸಿದವರು ಯಾರು ಎಂದು ಸಾಮಾನ್ಯವಾಗಿ ಅಲ್ಲೇ ಬರೆಯುವುದು. ನಮ್ಮ ಮನೆಯಲ್ಲೂ ಒಬ್ಬ ದೇಮಿಯಕ್ಕ ಇದ್ದಳೋ ಏನೋ. ಅವಳ ಹೆಸರನ್ನು ಗೆದ್ದಲಿಗೆ ಕೊಟ್ಟವಳು ನಾನು.

ಅತ್ತೆ ವಾರಕ್ಕೊಮ್ಮೆ ಎತ್ತಿ ಒರೆಸುತ್ತಿದ್ದಷ್ಟು ಕಾಲ ಅದಕ್ಕೆ ಗೆದ್ದಲು ಹತ್ತಲಿಲ್ಲ. ಅವರು ಓದು ಬಾರದವರು, ಆದರೂ ಉಳಿಸಿದರು. ನಾನು ಓದು ಬಲ್ಲವಳು, ಪೂಜೆಯನ್ನು ನಂಬಲಿಲ್ಲ, ಓದನ್ನೂ ಮಾಡಲಿಲ್ಲ. ಮೂಡಬಿದಿರೆಯಲ್ಲಿ ಬಿಚ್ಚಲು ಬಿಡದವರ ಮೇಲೆ ನನಗೆ ಒಂದು ಕಾಲದಲ್ಲಿ ಸಿಟ್ಟಿತ್ತು. ನನಗೆ ಅಪ್ಪಣೆ ಕೊಟ್ಟಿದ್ದರು, ನಾನು ಬಿಚ್ಚಲಿಲ್ಲ. ಯಾರ ತಪ್ಪು ದೊಡ್ಡದು?

ಉಳಿದದ್ದು 11 ಗರಿ. ಅವನ್ನು ಅತ್ತೆಯ ಕೆಂಪು ಬಟ್ಟೆಯಲ್ಲೇ ಸುತ್ತಿಟ್ಟಿದ್ದೇನೆ. ಹಳೆಯ ಅಕ್ಷರಗಳನ್ನು ಈ ವಯಸ್ಸಿನಲ್ಲಿ ಕಲಿಯುತ್ತಿದ್ದೇನೆ, ಎರಡನೆಯ ತರಗತಿಯ ಮಕ್ಕಳಂತೆ ಬೆರಳಿಟ್ಟು ಓದುತ್ತೇನೆ. ಶುಕ್ರವಾರ ಬೆಳಿಗ್ಗೆ ಕಟ್ಟನ್ನು ಇಳಿಸಿ, ಗೂಡು ಒರೆಸಿ, ಬಿಚ್ಚಿ, ಒಂದು ಗರಿಯನ್ನು ಗಟ್ಟಿಯಾಗಿ ಓದಿ, ಮತ್ತೆ ಕಟ್ಟಿ ಇಡುತ್ತೇನೆ. ಓದುವಾಗ ಬಾಗಿಲ ಬಳಿ ಅತ್ತೆ ಕೂರುತ್ತಿದ್ದ ಮಣೆಯನ್ನು ಹಾಕಿಡುತ್ತೇನೆ. ಮೊನ್ನೆ ಪಕ್ಕದ ಮನೆಯ ಪುಟ್ಟ ಹುಡುಗಿ ಬಂದು ಅದರ ಮೇಲೆ ಕೂತಳು. ಏಳು ಎನ್ನಲಿಲ್ಲ, ಓದು ಮುಂದುವರಿಸಿದೆ.